ಬೇರೆಬೇರೆ ಲಿನಕ್ಸ್ ವಿಎಂಗಳಿಗೆ ಒಂದೇ ಅಪ್‌ಡೇಟ್ ಸ್ಕ್ರಿಪ್ಟ್ ಬೇಡ, ಮೊದಲು ಗಡಿಯಾರ ನೋಡಿ

ನಿಮ್ಮ ಪ್ರಶ್ನೆ ಇದು: ವಿಎಂಗಳಲ್ಲಿ (ಒಂದು ಯಂತ್ರದೊಳಗೆ ಓಡುವ ವರ್ಚುವಲ್ ಯಂತ್ರಗಳಲ್ಲಿ) ಬೇರೆಬೇರೆ ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬಗೆಗಳು, ಇವೆ: ಉಬುಂಟು, ಡೆಬಿಯನ್, ರಾಕಿ, ಓಪನ್‌ಸೂಸೆ ಲೀಪ್, ಜೊತೆಗೊಂದು ಆರ್ಚ್. ಎಲ್ಲವನ್ನೂ ರಾತ್ರಿ ಒಂದೇ ಸ್ಕ್ರಿಪ್ಟ್ ಅಪ್‌ಡೇಟ್ ಮಾಡಿ, ಬೇಕಿದ್ದರೆ ರೀಬೂಟ್ ಕೂಡ ಮಾಡಬೇಕು ಅಂತೀರಿ. ಪುಣೆಯ ಭೋಸರಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಹುಬ್ಬಳ್ಳಿ-ಬೆಳಗಾವಿ ಕಡೆಯ ನಾವು ಕೆಲವರು ನೋಡಿಕೊಳ್ಳುತ್ತಿದ್ದ ವಿಎಂಗಳ ಪಟ್ಟಿಯೂ ಹೆಚ್ಚುಕಮ್ಮಿ ಇದೇ, ಆರ್ಚ್ ಒಂದು ಇರಲಿಲ್ಲ. ಅಲ್ಲಿ ಪ್ಯಾಕೇಜುಗಳೆಲ್ಲ ಸರಿಯಾಗಿಯೇ ಇನ್‌ಸ್ಟಾಲ್ ಆಗುತ್ತಿದ್ದವು. ಕೈಕೊಟ್ಟದ್ದು ಟೈಮ್‌ಜೋನ್. ಅದನ್ನು ಬಿಡಿಸಿ ಹೇಳದೆ ಮುಂದೆ ಹೋದರೆ ಉಳಿದದ್ದೆಲ್ಲ ವ್ಯರ್ಥ.

ಕ್ಲೌಡ್ ಇಮೇಜಿನಿಂದ (ಸಿದ್ಧ ಡಿಸ್ಕ್ ಪ್ರತಿಯಿಂದ) ಎಬ್ಬಿಸಿದ ವಿಎಂ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯದಲ್ಲಿ, ಇರುತ್ತದೆ. ಉಬುಂಟು-ಡೆಬಿಯನ್‌ಗಳ ಸ್ವಯಂ ಅಪ್‌ಡೇಟರ್ ಆದ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಕಡತದಲ್ಲಿ ಆಟೊಮ್ಯಾಟಿಕ್-ರೀಬೂಟ್ "ಟ್ರೂ" ಮಾಡಿ, ರೀಬೂಟ್ ಸಮಯ "02:00" ಅಂತ ಬರೆದರೆ ಬರೆದವರ ಮನಸ್ಸಿನಲ್ಲಿರುವುದು ನಡುರಾತ್ರಿ ಎರಡು. ಆ ವಿಎಂ ಪಾಲಿಗೆ ಅದು ಭಾರತದ ಬೆಳಗಿನ 7:30. ಒಳಗೆ ನಡೆಯುವುದು ಇಷ್ಟು: ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಬಂದಾಗ ಆ ಪ್ರೋಗ್ರಾಂ ಶಟ್‌ಡೌನ್ ಕಮಾಂಡಿಗೆ ಆ ಗಂಟೆಯನ್ನು ಹಾಗೇ ಒಪ್ಪಿಸುತ್ತದೆ, ಶಟ್‌ಡೌನ್ ಅದನ್ನು ಯಂತ್ರದ ಸ್ಥಳೀಯ ಸಮಯ ಎಂದೇ ಓದುತ್ತದೆ. ಮೊದಲ ಪಾಳಿ 7ಕ್ಕೆ ಶುರು. ಅರ್ಧ ತಾಸಿಗೆ ಡಿಎನ್‌ಎಸ್ (ಯಂತ್ರದ ಹೆಸರಿಗೆ ವಿಳಾಸ ಹೇಳುವ ಸೇವೆ) ನೀಡುವ ಡೆಬಿಯನ್ ವಿಎಂ ಮತ್ತು ಲೇಬಲ್ ಅಪ್ಲಿಕೇಶನ್ ಇರುವ ಉಬುಂಟು ವಿಎಂ ಎರಡೂ ಒಟ್ಟಿಗೆ ಬಿದ್ದವು. ಉಬುಂಟು ಮೊದಲು ಎದ್ದಿತು, ಡೇಟಾಬೇಸಿನ ಹೆಸರು ಕೇಳಿದರೆ ಉತ್ತರ ಹೇಳಲು ಡಿಎನ್‌ಎಸ್ ಇನ್ನೂ ಎದ್ದಿರಲಿಲ್ಲ, ಅಪ್ಲಿಕೇಶನ್ ಸತ್ತಿತು. ಸೋತರೆ ಮತ್ತೆ ಶುರುಮಾಡು ಎನ್ನುವ ರೀಸ್ಟಾರ್ಟ್=ಆನ್-ಫೇಲ್ಯೂರ್ ಇತ್ತು, ಆದರೂ ಏಳಲಿಲ್ಲ. ಯಾಕೆಂದರೆ ಸರ್ವೀಸುಗಳನ್ನು ನಡೆಸುವ ಸಿಸ್ಟಮ್‌ಡಿ ಮೂಲ ಸೆಟ್ಟಿಂಗಿನಲ್ಲಿ ಎರಡು ಪ್ರಯತ್ನಗಳ ನಡುವೆ ಕಾಯುವುದು 100 ಮಿಲಿಸೆಕೆಂಡ್ ಮಾತ್ರ, 10 ಸೆಕೆಂಡಿನೊಳಗೆ 5 ಸಲ ಶುರುಮಾಡಿ ಸೋತರೆ ಆ ಸರ್ವೀಸನ್ನು ಕೈಬಿಡುತ್ತದೆ. ಥಟ್ಟನೆ ಸಾಯುವ ಅಪ್ಲಿಕೇಶನ್ನಿಗೆ ಈ ಐದೂ ಅವಕಾಶ ಡಿಎನ್‌ಎಸ್ ಏಳುವ ಮೊದಲೇ ಮುಗಿದುಹೋಗುತ್ತವೆ. ಬಾರ್‌ಕೋಡ್ ಲೇಬಲ್ ಬರದೆ ಲೋಡ್ ಆದ ಲಾರಿ ಗೇಟಿನಲ್ಲೇ ನಿಂತಿತು.

ಇದು ಬೇಗ ಪತ್ತೆಯಾಗದ್ದಕ್ಕೆ ಕಾರಣ ಲಾಗ್. ರೀಬೂಟ್ ಬೇಡುವ ಅಪ್‌ಡೇಟ್ ದಿನವೂ ಬರುವುದಿಲ್ಲ, ಹಾಗಾಗಿ ಬಹಳಷ್ಟು ಬೆಳಗುಗಳು ಸುಸೂತ್ರ. ಬಿದ್ದ ದಿನ ಲಾಗ್ ತೆರೆದರೆ "02:00 ರೀಬೂಟ್" ಎಂದು ಬರೆದಿರುತ್ತದೆ. ಓದಿದವರು, ರೀಬೂಟ್ ರಾತ್ರಿಯೇ ಆಗಿದೆಯಲ್ಲ, ಬೆಳಗಿನ ತೊಂದರೆ ಬೇರೆ ಇರಬೇಕು ಎಂದುಕೊಂಡು ಸ್ವಿಚ್, ಕೇಬಲ್ ಎಲ್ಲ ಬದಲಿಸುತ್ತಾರೆ. ಇದರದ್ದೇ ಇನ್ನೊಂದು ಮುಖ: ಉಬುಂಟು-ಡೆಬಿಯನ್‌ಗಳ ಎಪಿಟಿ-ಡೈಲಿ-ಅಪ್‌ಗ್ರೇಡ್ ಟೈಮರ್ (ಅಪ್‌ಡೇಟರನ್ನು ನಿಗದಿತ ಸಮಯಕ್ಕೆ ಓಡಿಸುವ ಸಿಸ್ಟಮ್‌ಡಿ ಕಡತ) ಮೂಲ ಸೆಟ್ಟಿಂಗಿನಲ್ಲಿ 6:00ಕ್ಕೆ, ಮೇಲೆ 60 ನಿಮಿಷದವರೆಗೆ ಯಾದೃಚ್ಛಿಕ ತಡ. ರಾಕಿಯ ಸ್ವಯಂ ಅಪ್‌ಡೇಟರ್ ಆದ ಡಿಎನ್‌ಎಫ್-ಆಟೊಮ್ಯಾಟಿಕ್‌ನ ಟೈಮರೂ ಅದೇ ಲೆಕ್ಕ. ಯುಟಿಸಿಯಲ್ಲಿ ಅದು ನಮ್ಮ 11:30ರಿಂದ 12:30. ಅಂದರೆ ಆಫೀಸಿನ ಜನವೆಲ್ಲ ಕೆಲಸದಲ್ಲಿರುವಾಗ ಡೇಟಾಬೇಸ್ ಪ್ಯಾಕೇಜ್ ಬದಲಾಗಿ ಸರ್ವೀಸ್ ರೀಸ್ಟಾರ್ಟ್ ಆಗುತ್ತದೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಪ್ರತಿ ವಿಎಂನಲ್ಲೂ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಭಾರತದ ವಲಯವಾದ ಏಷ್ಯಾ/ಕೋಲ್ಕತಾ ಹಾಕಿ. ಆಮೇಲೆ ಕ್ರಾನ್ (ಗಂಟೆ ನೋಡಿ ಕೆಲಸ ಓಡಿಸುವ ಸರ್ವೀಸ್) ರೀಸ್ಟಾರ್ಟ್ ಮಾಡಿ, ಅದು ಹಳೆಯ ವಲಯವನ್ನೇ ಹಿಡಿದು ಕೂತಿರಬಹುದು. ಮೊದಲೇ ನಿಗದಿಯಾದ ರೀಬೂಟ್ ಇದ್ದರೆ ವಲಯ ಬದಲಿಸಿದ ಮಾತ್ರಕ್ಕೆ ಅದು ಸರಿಯುವುದಿಲ್ಲ, ಶಟ್‌ಡೌನ್ -ಸಿ ಕೊಟ್ಟು ರದ್ದು ಮಾಡಬೇಕು. ಯುಟಿಸಿಯೇ ಇರಲಿ ಅನ್ನುವವರು ಟೈಮರಿನಲ್ಲಿ ಸಮಯ ಹೇಳುವ ಆನ್‌ಕ್ಯಾಲೆಂಡರ್ ಸಾಲಿನ ಕೊನೆಗೆ ಏಷ್ಯಾ/ಕೋಲ್ಕತಾ ಎಂದು ಸೇರಿಸಬಹುದು, ಸಿಸ್ಟಮ್‌ಡಿಗೆ ಅರ್ಥವಾಗುತ್ತದೆ. ಸಿಸ್ಟಮ್‌ಸಿಟಿಎಲ್ ಎಡಿಟ್‌ನಲ್ಲಿ ಸಮಯ ಬದಲಿಸುವಾಗ ಮೊದಲು ಖಾಲಿ "ಆನ್‌ಕ್ಯಾಲೆಂಡರ್=" ಸಾಲು, ಅದರ ಕೆಳಗೆ ಹೊಸದು. ಖಾಲಿ ಸಾಲು ಮರೆತರೆ ಹಳೆಯ 6 ಗಂಟೆಯೂ ಉಳಿದು ದಿನಕ್ಕೆ ಎರಡು ಸಲ ಓಡುತ್ತದೆ. ಲಿಸ್ಟ್-ಟೈಮರ್ಸ್ ತೋರಿಸುವ ಮುಂದಿನ ಸಮಯವನ್ನು ಕಣ್ಣಾರೆ ನೋಡಿಯೇ ಎದ್ದೇಳಿ.

ಈಗ ನಿಮ್ಮ ಪ್ರಶ್ನೆಗೆ. ಒಂದೇ ಸ್ಕ್ರಿಪ್ಟ್ ಬೇಕು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಇನ್‌ಸ್ಟಾಲ್ ಮಾಡುವ ಕೆಲಸ ಆಯಾ ಡಿಸ್ಟ್ರೋದ ಸ್ವಂತ ಅಪ್‌ಡೇಟರಿಗೆ ಬಿಡಿ. ಸೆಟ್ಟಿಂಗ್ ಹಂಚುವುದು, ಸರದಿಯಲ್ಲಿ ರೀಬೂಟ್ ಮಾಡುವುದು, ಎದ್ದಿತೋ ಇಲ್ಲವೋ ನೋಡುವುದು ಆನ್ಸಿಬಲ್‌ಗೆ (ಒಂದು ಯಂತ್ರದಿಂದ ಹಲವು ಯಂತ್ರಗಳಿಗೆ ಕೆಲಸ ಹೇಳುವ ಸಾಧನ). ಅದರ ಪ್ಯಾಕೇಜ್ ಮಾಡ್ಯೂಲಿಗೆ ನಕ್ಷತ್ರ ಚಿಹ್ನೆ ಕೊಟ್ಟು "ಲೇಟೆಸ್ಟ್" ಅಂದರೆ ಹೆಚ್ಚಿನವು ಓಡುತ್ತವೆ ನಿಜ. ಆದರೆ ಯಾವುದು ಭದ್ರತೆಯ ಅಪ್‌ಡೇಟ್, ಯಾವುದು ಸುಮ್ಮನೆ ಹೊಸ ಆವೃತ್ತಿ ಎಂಬ ವ್ಯತ್ಯಾಸ ಅಲ್ಲಿಗೇ ಮುಗಿಯಿತು.

ಉಬುಂಟುವಿನ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಮೂಲ ಸ್ಥಿತಿಯಲ್ಲಿ ಸೆಕ್ಯುರಿಟಿ ವಿಭಾಗವನ್ನು ಮುಟ್ಟುತ್ತದೆ, "ಅಪ್‌ಡೇಟ್ಸ್" ವಿಭಾಗ ಕಾಮೆಂಟಿನಲ್ಲಿರುತ್ತದೆ, ಅಂದರೆ ಆಫ್. ಹಾಗೇ ಬಿಡಿ. ಡಾಕರ್, ಪೋಸ್ಟ್‌ಗ್ರೆಸ್‌ನವರ ಸ್ವಂತ ರೆಪೊಸಿಟರಿ ಸೇರಿಸಿದ್ದರೆ ಅವು ಅನುಮತಿ ಪಟ್ಟಿಯಲ್ಲಿ ಇರುವುದಿಲ್ಲ, ತಾನಾಗಿ ಅಪ್‌ಡೇಟ್ ಆಗುವುದೂ ಇಲ್ಲ. ಡೇಟಾಬೇಸ್ ಮಟ್ಟಿಗೆ ಅದು ಒಳ್ಳೆಯದೇ, ಗೊತ್ತಿರಬೇಕು ಅಷ್ಟೆ. ಡ್ರೈ-ರನ್ ಮತ್ತು ಡೀಬಗ್ ಆಯ್ಕೆ ಕೊಟ್ಟು ಓಡಿಸಿದರೆ ಏನು ಬರುತ್ತದೆ, ಏನು ಬಿಟ್ಟುಹೋಗುತ್ತದೆ ಎರಡೂ ಕಾಣುತ್ತವೆ.

ರಾಕಿಯಲ್ಲಿ ಡಿಎನ್‌ಎಫ್-ಆಟೊಮ್ಯಾಟಿಕ್ ಹಾಕಿ, ಅಪ್‌ಗ್ರೇಡ್ ಟೈಪ್ ಸೆಕ್ಯುರಿಟಿ, ಅಪ್ಲೈ ಅಪ್‌ಡೇಟ್ಸ್ ಯೆಸ್, ರೀಬೂಟ್ ನೆವರ್. ರಾಕಿ ಮತ್ತು ಅದರಂಥದ್ದೇ ಆಲ್ಮಾ ಎರಾಟಾ ಮಾಹಿತಿ (ಯಾವ ಅಪ್‌ಡೇಟ್ ಯಾವುದಕ್ಕೆ ಎಂಬ ಪಟ್ಟಿ) ಪ್ರಕಟಿಸುವುದರಿಂದ ಇದು ನಡೆಯುತ್ತದೆ. ಅದೇ ಬಳಗದ ಸೆಂಟ್‌ಓಎಸ್ ರೆಪೊಸಿಟರಿಗಳಲ್ಲಿ ಆ ಮಾಹಿತಿ ಇಲ್ಲ. ಅಲ್ಲಿ ಇದೇ ಸೆಟ್ಟಿಂಗ್ ಹಾಕಿದರೆ ದೋಷವೂ ಬರದೆ, ಅಪ್‌ಡೇಟೂ ಆಗದೆ ವರ್ಷ ಕಳೆಯುತ್ತದೆ. ಸೆಂಟ್‌ಓಎಸ್ 7 ಮೂಲೆಯಲ್ಲಿ ಎಲ್ಲಾದರೂ ಉಳಿದಿದ್ದರೆ 2024ರ ಜೂನ್ 30ಕ್ಕೇ ಅದರ ಬೆಂಬಲ ಮುಗಿದಿದೆ, ಅದಕ್ಕೆ ಅಪ್‌ಡೇಟ್ ಯೋಜನೆ ಮಾಡುವ ಬದಲು ಸ್ಥಳಾಂತರ ಮಾಡಿ. ರಾಕಿ 8 ಇದ್ದರೆ ಆನ್ಸಿಬಲ್-ಕೋರ್ 2.16ರಲ್ಲೇ ನಿಲ್ಲಿ. 2.17ರಿಂದ ಎದುರಿನ ಯಂತ್ರದಲ್ಲಿ ಪೈಥಾನ್ 3.7 ಆದರೂ ಬೇಕು, ಅಲ್ಲಿನ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್ ಕಟ್ಟಿಕೊಂಡಿರುವುದು 3.6ಕ್ಕೆ.

ಲೀಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಒಂದೇ ಸ್ಕ್ರಿಪ್ಟಿನವರು ಎಡವುವುದು ಹೆಚ್ಚಾಗಿ ಇಲ್ಲೇ. ಅಲ್ಲಿನ ಪ್ಯಾಕೇಜ್ ಮ್ಯಾನೇಜರ್ ಜಿಪ್ಪರ್. "ಜಿಪ್ಪರ್ ಪ್ಯಾಚ್" ಕಮಾಂಡ್ ಯಶಸ್ವಿಯಾದಮೇಲೂ ಸೊನ್ನೆ ಅಲ್ಲದ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಸಂಖ್ಯೆ, ಸೊನ್ನೆ ಅಂದರೆ ಗೆಲುವು) ಕೊಡಬಹುದು: 102 ಅಂದರೆ ರೀಬೂಟ್ ಬೇಕು, 103 ಅಂದರೆ ಪ್ಯಾಕೇಜ್ ಮ್ಯಾನೇಜರೇ ಅಪ್‌ಡೇಟ್ ಆಗಿದೆ, ಉಳಿದ ಪ್ಯಾಚಿಗೆ ಇನ್ನೊಮ್ಮೆ ಓಡಿಸಿ. ಸೊನ್ನೆ ಅಲ್ಲದ್ದು ಬಂದರೆ ನಿಲ್ಲು ಎನ್ನುವ "ಸೆಟ್ -ಇ" ಇರುವ ಸ್ಕ್ರಿಪ್ಟ್ ಅಲ್ಲೇ ನಿಂತು ಸೋತೆ ಅನ್ನುತ್ತದೆ. ಸ್ವಂತ ಸರ್ವೀಸ್ ಬರೆದರೆ ಸಕ್ಸೆಸ್-ಎಕ್ಸಿಟ್-ಸ್ಟೇಟಸ್ ಸಾಲಿನಲ್ಲಿ 102 103 ಎರಡನ್ನೂ ಬರೆಯಿರಿ. ಇನ್ನೂ ಸೂಕ್ಷ್ಮವಾದದ್ದು: ನಾನ್-ಇಂಟರಾಕ್ಟಿವ್ ಆಯ್ಕೆಯೊಂದನ್ನೇ ಕೊಟ್ಟರೆ ರೀಬೂಟ್ ಬೇಡುವ ಪ್ಯಾಚುಗಳನ್ನು ಜಿಪ್ಪರ್ ಬಿಟ್ಟುಬಿಡುತ್ತದೆ. ಅಂದರೆ ಕರ್ನಲ್ ಹಳೆಯದೇ ಉಳಿಯುತ್ತದೆ. ಅದಕ್ಕಾಗಿಯೇ ನಾನ್-ಇಂಟರಾಕ್ಟಿವ್-ಇನ್‌ಕ್ಲೂಡ್-ರೀಬೂಟ್-ಪ್ಯಾಚಸ್ ಎಂಬ ಮಾರುದ್ದದ ಆಯ್ಕೆ ಇದೆ, ಅದನ್ನೂ ಪ್ಯಾಚ್ ಪದಕ್ಕಿಂತ ಮೊದಲೇ ಹಾಕಬೇಕು.

ಆರ್ಚ್? ಸರ್ವರ್ ಪಟ್ಟಿಯಿಂದ ತೆಗೆಯಿರಿ. ಅದರ ಅಪ್‌ಡೇಟಿಗೆ ಮುಂಚೆ ಸುದ್ದಿ ಪುಟ ಓದಬೇಕು ಎನ್ನುವುದು ಅವರದ್ದೇ ನಿಯಮ, ಅದನ್ನು ಟೈಮರ್ ಓದುವುದಿಲ್ಲ. ಇಟ್ಟುಕೊಳ್ಳಲೇಬೇಕೆಂದರೆ ವಾರಕ್ಕೊಮ್ಮೆ ಕೂತು ಕೈಯಿಂದ ಪ್ಯಾಕ್‌ಮನ್ -ಎಸ್‌ವೈಯು (ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಮಾಡುವ ಕಮಾಂಡ್). ಬರೀ -ಎಸ್‌ವೈ ಮಾಡಿ ಒಂದೆರಡು ಪ್ಯಾಕೇಜ್ ಹಾಕುವ ಅರೆಬರೆ ಅಪ್‌ಗ್ರೇಡ್ ಬೇಡ, ಲೈಬ್ರರಿ ಮುಂದೆ ಹೋಗಿ ಪ್ರೋಗ್ರಾಂ ಹಿಂದೆ ಉಳಿಯುತ್ತದೆ.

ರೀಬೂಟ್ ಆನ್ಸಿಬಲ್‌ನ ಕೆಲಸ ಅಂದೆನಲ್ಲ. ಎಲ್ಲೆಡೆ ತಂತಾನೇ ರೀಬೂಟ್ ಆಗುವುದನ್ನು ಆಫ್ ಮಾಡಿ. ಪ್ಲೇಬುಕ್‌ನಲ್ಲಿ (ಆನ್ಸಿಬಲ್‌ನ ಕೆಲಸದ ಪಟ್ಟಿಯಲ್ಲಿ) ಡಿಎನ್‌ಎಸ್ ಮೊದಲು, ಆಮೇಲೆ ಡೇಟಾಬೇಸ್, ಕೊನೆಗೆ ಅಪ್ಲಿಕೇಶನ್. ಸೀರಿಯಲ್ 1 (ಒಂದು ಸಲಕ್ಕೆ ಒಂದೇ ಯಂತ್ರ), ಮ್ಯಾಕ್ಸ್ ಫೇಲ್ ಪರ್ಸೆಂಟೇಜ್ 0, ಒಂದು ಏಳದಿದ್ದರೆ ಮುಂದಿನದನ್ನು ಮುಟ್ಟಬಾರದು. ರೀಬೂಟ್ ಬೇಕೋ ಬೇಡವೋ ತಿಳಿಯಲು ಉಬುಂಟು-ಡೆಬಿಯನ್‌ಗಳಲ್ಲಿ ರೀಬೂಟ್-ರಿಕ್ವೈರ್ಡ್ ಕಡತ ಇದೆಯಾ ನೋಡಿ. ರಾಕಿಯಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ -ಆರ್, ಬೇಕಿದ್ದರೆ 1 ಕೊಡುತ್ತದೆ. ಲೀಪ್‌ನಲ್ಲಿ ಜಿಪ್ಪರ್ ನೀಡ್ಸ್-ರೀಬೂಟಿಂಗ್, 102 ಕೊಡುತ್ತದೆ. ಆನ್ಸಿಬಲ್ ಈ 1 ಮತ್ತು 102ನ್ನು ವೈಫಲ್ಯ ಅಂದುಕೊಳ್ಳದಂತೆ ಫೇಲ್ಡ್-ವೆನ್ ಬರೆಯಬೇಕು. ರೀಬೂಟ್ ಮಾಡ್ಯೂಲ್ 600 ಸೆಕೆಂಡ್ ಕಾಯುತ್ತದೆ, ಸಾಕು. ಆದರೆ ಅದು ನೋಡುವುದು ಯಂತ್ರಕ್ಕೆ ಲಾಗಿನ್ ಆಗುತ್ತದೆಯೇ ಎಂಬುದನ್ನಷ್ಟೇ. ನಿಮ್ಮ ಸರ್ವೀಸಿನ ಪೋರ್ಟ್ ತೆರೆದಿದೆಯೇ ಎಂದು ವೇಟ್-ಫಾರ್ ಬೇರೆ ಹಾಕಿ. ಐದೇ ಸಲಕ್ಕೆ ಕೈಬಿಡದಂತೆ ಅಪ್ಲಿಕೇಶನ್ನಿನ ಸಿಸ್ಟಮ್‌ಡಿ ಯೂನಿಟ್ ಕಡತದಲ್ಲಿ ರೀಸ್ಟಾರ್ಟ್-ಸೆಕ್ 15, ಸ್ಟಾರ್ಟ್-ಲಿಮಿಟ್-ಇಂಟರ್ವಲ್-ಸೆಕ್ 0. ಆನ್ಸಿಬಲ್ ಓಡುವ ಯಂತ್ರವನ್ನು ಅದೇ ಪಟ್ಟಿಯಲ್ಲಿ ಸೇರಿಸಬೇಡಿ, ಕೂತ ಕೊಂಬೆ ಕಡಿದ ಹಾಗಾಗುತ್ತದೆ.

ಪುಣೆಯವರಿಗೆ ಗುರುವಾರದ ವಿಷಯ ಗೊತ್ತೇ ಇದೆ: ರಿಪೇರಿಗೆಂದು ಕರೆಂಟ್ ತೆಗೆಯುವ ದಿನ. ಈ ಟೈಮರುಗಳಲ್ಲಿ ಪರ್ಸಿಸ್ಟೆಂಟ್=ಟ್ರೂ ಇರುತ್ತದೆ, ಯಂತ್ರ ಆಫ್ ಇದ್ದಾಗ ತಪ್ಪಿದ ಸರದಿಯನ್ನು ಎದ್ದ ಕೂಡಲೇ ತೀರಿಸುತ್ತವೆ. ನಿಖರ ಸಮಯ ಬೇಕೆಂದು ಯಾದೃಚ್ಛಿಕ ತಡವನ್ನು 0 ಮಾಡಿದ್ದರೆ ಕರೆಂಟ್ ಬಂದೊಡನೆ ಎಲ್ಲ ವಿಎಂಗಳೂ ಒಂದೇ ಡಿಸ್ಕಿನ ಮೇಲೆ ಮುಗಿಬೀಳುತ್ತವೆ. ಕನಿಷ್ಠ 20 ನಿಮಿಷ ಬಿಡಿ.

ಅಪ್‌ಡೇಟಿಗೆ ಮುಂಚೆ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ತೆಗೆಯುವುದನ್ನೂ ಆಟೊಮೇಟ್ ಮಾಡುತ್ತೀರಾದರೆ ಅಳಿಸುವುದನ್ನೂ ಅದೇ ದಿನ ಬರೆಯಿರಿ, ಮೂರು ದಿನಕ್ಕಿಂತ ಹಳೆಯದು ಇರಕೂಡದು. ಎಲ್‌ವಿಎಂ ಥಿನ್ ಪೂಲ್ (ಎಲ್ಲ ವಿಎಂಗಳೂ ಹಂಚಿಕೊಳ್ಳುವ, ಬಳಸಿದಷ್ಟೇ ತುಂಬುವ ಡಿಸ್ಕ್ ಜಾಗ) ಮೇಲೆ ವಿಎಂಗಳಿದ್ದರೆ ಎಲ್‌ವಿಎಸ್ ಕಮಾಂಡ್ ತೋರಿಸುವ ಡೇಟಾ ಮತ್ತು ಮೆಟಾಡೇಟಾ ಶೇಕಡಾ ಎರಡಕ್ಕೂ 80ಕ್ಕೆ ಅಲಾರಂ ಇಡಿ. ಪೂಲ್ ತುಂಬಿದರೆ ಆ ಒಂದು ವಿಎಂಗೆ ಮಾತ್ರವಲ್ಲ, ಅದರ ಮೇಲಿರುವ ಎಲ್ಲ ಡಿಸ್ಟ್ರೋಗಳಿಗೂ ಡಿಸ್ಕಿಗೆ ಬರೆಯುವುದು ನಿಲ್ಲುತ್ತದೆ. ಪೂಲ್ ತಾನಾಗಿ ಹಿಗ್ಗುವ ಮಿತಿ ಎಲ್‌ವಿಎಂ ಕಾನ್ಫಿಗ್‌ನಲ್ಲಿ ಮೂಲತಃ 100, ಅಂದರೆ ಆಫ್. ಅದನ್ನೂ 80 ಮಾಡಿ, ಪೂಲಿಗೆ ಜಾಗ ಕೊಡುವ ವಾಲ್ಯೂಮ್ ಗ್ರೂಪಿನಲ್ಲಿ ಖಾಲಿ ಜಾಗ ಉಳಿದಿದೆಯೇ ನೋಡಿ. ಜಾಗ ಇಲ್ಲದಿದ್ದರೆ ಆ ಸೆಟ್ಟಿಂಗ್ ಇದ್ದೂ ಇಲ್ಲದಂತೆ.