ನೇಗಿಲು ಕೊನೇ ಪುಟದಲ್ಲಿ ಯಾಕೆ?

ನಮಸ್ಕಾರ,

‘ಪ್ರಿವ್ಯಾರಿಕೇಟ್’ ಎಂಬ ಇಂಗ್ಲಿಷ್ ಪದದ ಮೇಲೆ ನೀವು ಕಳಿಸಿದ ಲೇಖನ ಓದಿದೆ, ಎರಡು ಸಲ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಸುಳ್ಳು ಎಷ್ಟು ಕೆಟ್ಟದ್ದು ಎಂಬ ಉಪದೇಶ. ತೆಗೆದುಬಿಡಿ. ಪದದ ಅರ್ಥವನ್ನೂ ಸುಮ್ನೆ ‘ಸುಳ್ಳು ಹೇಳು’ ಎಂದು ಮುಗಿಸಿದ್ದೀರಿ. ಹಾಗಲ್ಲ. ಕೇಳಿದ್ದಕ್ಕೆ ಹೌದು ಅನ್ನದೆ, ಇಲ್ಲ ಅನ್ನದೆ, ಮಾತು ತಿರುಗಿಸಿ ನಿಜದಿಂದ ನುಣುಚಿಕೊಳ್ಳುತ್ತಾರಲ್ಲ, ಅದು ಈ ಪದ. ‘ಹಾರಿಕೆ ಉತ್ತರ’ ಅಂತ ನಮ್ಮಲ್ಲೇ ಒಳ್ಳೆ ಮಾತಿದೆ, ಬಳಸಿ.

ನಿಮ್ಮ ನಿಜವಾದ ಸರಕು ಇರುವುದು ಕೊನೇ ಪುಟದಲ್ಲಿ. ಲ್ಯಾಟಿನ್ನಿನಲ್ಲಿ ‘ವಾರುಸ್’ ಅಂದರೆ ಸೊಟ್ಟಗಾಲಿನವನು, ಅದರಿಂದ ‘ಪ್ರೈವಾರಿಕಾರಿ’, ಸೊಟ್ಟಗೆ ನಡೆಯುವುದು. ಉಳುವವನು ಬಗ್ಗದಿದ್ದರೆ ಸಾಲು ಸೊಟ್ಟಗಾಗುತ್ತದೆ, ಕೋರ್ಟಿನ ಅಪರಾಧಕ್ಕೆ ಈ ಹೆಸರು ಬಂದದ್ದೇ ಹೊಲದಿಂದ ಎಂದು ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಬರೆದಿದ್ದಾನೆ. ನಮ್ಮ ಓದುಗರಲ್ಲಿ ನೇಗಿಲಿನ ಮೇಳಿ ಹಿಡಿದವರು ಜಾಸ್ತಿ. ಇದನ್ನು ಕೊನೆಗೆ ತಳ್ಳಿದ್ದು ಯಾಕೋ ನನಗಂತೂ ಅರ್ಥವಾಗಲಿಲ್ಲ.

ಕೋರ್ಟಿನ ಆ ಅಪರಾಧ ಎಂಥದ್ದು ಅಂತ ನೀವು ಹೇಳೇ ಇಲ್ಲ. ಆರೋಪ ಹೊರಿಸಬೇಕಾದವನೇ ಒಳಗೊಳಗೆ ಆರೋಪಿಯ ಜೊತೆ ಸೇರಿ ಕೇಸು ಸಡಿಲ ಬಿಡುವುದು. ಕ್ರಿ.ಪೂ. 70ರಲ್ಲಿ, ಸಿಸಿಲಿ ದ್ವೀಪವನ್ನು ದೋಚಿದ ರೋಮನ್ ಗವರ್ನರ್ ವೆರ್ರೆಸ್ ಮೇಲೆ ಕೇಸು ನಡೆಸುತ್ತೇನೆ ಎಂದು ಅವನ ಕೈಕೆಳಗೇ ಕೆಲಸ ಮಾಡಿದ್ದ ಕೈಕಿಲಿಯುಸ್ ಮುಂದೆ ಬಂದ. ಇವನ ಕೈಗೆ ಕೊಟ್ಟರೆ ಕೇಸು ಹಳ್ಳ ಹಿಡಿಯುತ್ತದೆ ಎಂದು ರೋಮಿನ ಹೆಸರಾಂತ ವಕೀಲ, ಮಾತುಗಾರ ಸಿಸೆರೊ ವಾದಿಸಿ, ಕೇಸನ್ನು ತಾನೇ ಗಿಟ್ಟಿಸಿಕೊಂಡ. ಕಥೆ ಅಂದರೆ ಇದು, ಅಲ್ವಾ? ನೀವು ಸಿಸೆರೊ ಹೆಸರೇ ಎತ್ತಿಲ್ಲ.

ಇನ್ನು ‘ವಾರುಸ್’ಗೂ ನಮ್ಮ ‘ವಕ್ರ’ಕ್ಕೂ ಒಂದೇ ಮೂಲ ಎಂಬ ಸಾಲು. ಹೊಡೆದುಹಾಕಿ. ಕಿವಿಗೆ ಹೊಂದಿತು ಅಂತ ನೆಂಟಸ್ತಿಕೆ ಬೆಳೆಸಬೇಡಿ. ಬೇಜಾರೇನೆಂದರೆ, ‘ವಕ್ರ’ದ ನಿಜವಾದ ನೆಂಟ ಪಕ್ಕದಲ್ಲೇ ಇದ್ದ, ನೀವು ಮಾತಾಡಿಸಲಿಲ್ಲ: ‘ವಂಚನೆ’. ಸಂಸ್ಕೃತದ ‘ವಂಚ್’ ಧಾತುವಿಗೆ ಡೊಂಕಾಗಿ ನಡೆ ಎಂಬ ಅರ್ಥವಿದೆ, ‘ವಕ್ರ’ವೂ ಅದೇ ಮನೆಯದು. ಅಂದರೆ ರೋಮಿನವರೂ ಇಲ್ಲಿನವರೂ, ಒಬ್ಬರನ್ನೊಬ್ಬರು ಕೇಳದೆಯೇ, ಮೋಸವನ್ನು ನಡಿಗೆಯಲ್ಲಿ ಹಿಡಿದಿದ್ದಾರೆ. ನಿಮ್ಮ ಲೇಖನ ಇದರ ಮೇಲೆ ನಿಲ್ಲಬೇಕು.

ಎರಡೇ ಪುಟಕ್ಕೆ ಇಳಿಸಿ, ಮತ್ತೆ ಕಳಿಸಿ. ನೇಗಿಲು ಮೊದಲ ಸಾಲಿನಲ್ಲೇ ಬರಲಿ.