ಗೇರು ಬೆಳೆಯುವ ಕೇರಳದಲ್ಲೇ ಸರ್ಕಾರದ ಗೇರುಬೀಜ ಕಾರ್ಖಾನೆಗಳು ಸೊರಗಿದ್ದು ಯಾಕೆ?

ಕೇರಳದ ಗುಡ್ಡೆ ತುಂಬ ಗೇರುಮರ ಇರುವಾಗ ಕೊಲ್ಲಂನ ಸರ್ಕಾರಿ ಕಾರ್ಖಾನೆಗಳಿಗೆ ಬೀಜ ಸಿಗದೆ ಬಾಗಿಲು ಹಾಕುವುದೇಕೆ ಎಂದು ಕೇಳಿದ್ದೀರಿ. ಇದ್ದ ಬೀಜವೂ ಪೂರ್ತಿ ಅಲ್ಲಿಗೆ ಹೋಗಲಿಲ್ಲ ಮಾರಾಯ್ರೆ. ಅದರಲ್ಲಿ ನಮ್ಮ ಮನೆಯ ಪಾಲೂ ಉಂಟು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಸಾರಡ್ಕ ದಾಟಿದರೆ ಕರ್ನಾಟಕ. 1970ರ ದಶಕದ ಕೊನೆಯ ಹೊತ್ತಿಗೆ ಕೇರಳದಲ್ಲಿ ಏಕಸ್ವಾಮ್ಯ ಖರೀದಿ ಬಂದಿತ್ತು. ಬೆಳೆದವನು ಬೀಜವನ್ನು ಸೊಸೈಟಿಗೇ ಕೊಡಬೇಕು, ಅದೂ ಸರ್ಕಾರ ಹೇಳಿದ ರೇಟಿಗೆ. ಹೊರರಾಜ್ಯಕ್ಕೆ ಸಾಗಿಸುವ ಹಾಗಿಲ್ಲ. ಗಡಿಯಾಚೆಯ ವ್ಯಾಪಾರಿ ಕಿಲೋಗೆ ಹೆಚ್ಚು ಕೊಟ್ಟು, ದುಡ್ಡನ್ನೂ ಅಲ್ಲೇ ಎಣಿಸುತ್ತಿದ್ದ. ಅಜ್ಜ ಹೆಸರಿಗೆ ಒಂದು ಮೂಟೆ ಸೊಸೈಟಿಗೆ ಹಾಕಿ, ಉಳಿದದ್ದನ್ನು ಸೊಪ್ಪಿನ ಹೊರೆಯೊಳಗೆ ಇಟ್ಟು ಕತ್ತಲಾದ ಮೇಲೆ ಗುಡ್ಡೆಯ ಒಳದಾರಿಯಲ್ಲಿ ದಾಟಿಸುತ್ತಿದ್ದರಂತೆ. ಅದನ್ನು ಕಳ್ಳಸಾಗಣೆ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಮಗಳನ್ನು ಕೊಟ್ಟ ಊರಿಗೆ ಬೀಜ ಕೊಂಡುಹೋಗಲಿಕ್ಕೂ ಪರ್ಮಿಟಾ?" ಎನ್ನುತ್ತಿದ್ದರು.

ಕಾರ್ಖಾನೆ ಶುರುವಾದದ್ದು ಮಾತ್ರ ಒಳ್ಳೆಯ ಉದ್ದೇಶಕ್ಕೇ. ಕೊಲ್ಲಂನ ಖಾಸಗಿ ಮಾಲೀಕರು ಕನಿಷ್ಠ ಕೂಲಿ ತಪ್ಪಿಸಲು ಕಾರ್ಖಾನೆ ಮುಚ್ಚಿ, ಕೆಲಸವನ್ನು ಮನೆಮನೆಗೆ, ತಮಿಳುನಾಡಿಗೆ ಸಾಗಿಸುತ್ತಿದ್ದರು. ಹಾಗಾಗಿ 1969ರಲ್ಲಿ ಕೇರಳ ರಾಜ್ಯ ಗೇರು ಅಭಿವೃದ್ಧಿ ನಿಗಮ ಹುಟ್ಟಿತು, 1971ರಲ್ಲಿ ಕೆಲಸ ಶುರು ಮಾಡಿತು. ಅದರ ಕೈಯಲ್ಲಿರುವ 30 ಕಾರ್ಖಾನೆಗಳಲ್ಲಿ ಹೆಚ್ಚಿನವು ಕೊಲ್ಲಂ ಜಿಲ್ಲೆಯಲ್ಲೇ. ಕೆಲಸದವರು ಬಹುತೇಕ ಹೆಂಗಸರು.

ಕೊಲ್ಲಂ ಕಡೆಯ ಒಂದು ಖಾಸಗಿ ಕಾರ್ಖಾನೆಯೊಳಗೆ ನಾನೊಮ್ಮೆ ಹೋಗಿದ್ದೆ. ಹುರಿದ ಬೀಜದ ರಾಶಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಕೈಯಲ್ಲಿ ಮರದ ಕೊಡತಿ. ಒಂದೇ ಏಟು, ಸಿಪ್ಪೆ ಎರಡಾಗಬೇಕು, ತಿರುಳು ಮುರಿಯಬಾರದು. ಮುರಿದರೆ ರೇಟು ಬಿತ್ತು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಅದಕ್ಕೆ ಬೂದಿ ಹಚ್ಚಿಕೊಳ್ಳುತ್ತಾರೆ. ಆದರೂ ಬೆರಳೆಲ್ಲ ಕಪ್ಪು. 80 ಕಿಲೋ ಮೂಟೆ ಒಡೆದರೆ 20 ಕಿಲೋ ಆಸುಪಾಸು ತಿರುಳು ಅಷ್ಟೆ.

ಅಷ್ಟು ಕೈಗಳಿಗೆ ವರ್ಷವಿಡೀ ಕೆಲಸ ಕೊಡುವಷ್ಟು ಬೀಜ ಕೇರಳದಲ್ಲಿ ಯಾವತ್ತೂ ಇರಲಿಲ್ಲ. ನಮ್ಮ ಬೀಜದ ಕಾಲ ಮೂರು ತಿಂಗಳಲ್ಲಿ ಮುಗಿಯುತ್ತದೆ. ಕೊಲ್ಲಂ ಬದುಕಿದ್ದೇ ತಾಂಜಾನಿಯಾ, ಮೊಜಾಂಬಿಕ್‌ನಿಂದ ಹಡಗಿನಲ್ಲಿ ಬಂದ ಬೀಜದಿಂದ. 70ರ ದಶಕದಲ್ಲಿ ಅಲ್ಲಿಂದ ಬರುವುದು ಕಮ್ಮಿಯಾಯಿತು, ಆಗಲೇ ಸರ್ಕಾರದ ಕಣ್ಣು ನಮ್ಮ ಗುಡ್ಡೆಗಳ ಮೇಲೆ ಬಿದ್ದದ್ದು. ಬೀಜವಿಲ್ಲದಿದ್ದರೆ ಕಾರ್ಖಾನೆ ಮುಚ್ಚುತ್ತದೆ, ಹೆಂಗಸರ ಹಾಜರಿ ಹೋಗುತ್ತದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯಲ್ಲಿ ಕಾಯಿಲೆಯ ಭತ್ಯೆ ಬೇಕೆಂದರೆ ಆರು ತಿಂಗಳಲ್ಲಿ 78 ದಿನದ ವಂತಿಗೆ ತುಂಬಿರಬೇಕು. ನಿಗಮದ ನಷ್ಟದ ಲೆಕ್ಕ ಬರೆಯುವವರು ಆ 78ನ್ನು ಮರೆಯುತ್ತಾರೆ.

ಆಮೇಲಿನದ್ದು ನಿಮಗೂ ಗೊತ್ತಿರಬಹುದು. ಕೊಲ್ಲಂ ಕೈಯಲ್ಲಿ ಒಡೆಯುತ್ತಿದ್ದ ಬೀಜವನ್ನು ವಿಯೆಟ್ನಾಂ ಯಂತ್ರದಲ್ಲಿ ಒಡೆಯತೊಡಗಿತು. ನಿಗಮದ ಬೀಜ ಖರೀದಿಯ ವ್ಯವಹಾರದ ಬಗ್ಗೆ 2015ರಲ್ಲಿ ಕೇರಳ ಹೈಕೋರ್ಟ್ ಸಿಬಿಐ ತನಿಖೆಗೆ ಹೇಳಿತು. 2016ರ ಕೇಂದ್ರ ಬಜೆಟ್ ಸಿಪ್ಪೆ ಸಮೇತದ ಕಚ್ಚಾ ಬೀಜದ ಆಮದಿಗೆ 5% ಸುಂಕ ಹಾಕಿತು, 2018ರಲ್ಲಿ ಅದನ್ನು 2.5%ಕ್ಕೆ ಇಳಿಸಿದರು.

ನನ್ನ ಅಭಿಪ್ರಾಯ ಕೇಳಿದರೆ, ಖರೀದಿಯ ಕಾನೂನು ಮಾಡಿದವರು ಒಡೆಯುವವರನ್ನು ನೋಡಿದರು, ಹೆಕ್ಕುವವರನ್ನು ನೋಡಲಿಲ್ಲ. ರೇಟು ಸಿಗದ ಮರಕ್ಕೆ ಗೊಬ್ಬರ ಹಾಕುವವರು ಯಾರು? ಅಪ್ಪ ಕಡಿದು ರಬ್ಬರ್ ಇಟ್ಟರು. ಅಜ್ಜ ನೆಟ್ಟದ್ದರಲ್ಲಿ ಏಳು ಮರ ಉಳಿದಿವೆ. ಈ ವರ್ಷದ ಬೀಜ ಹಾಡಹಗಲೇ, ಪಿಕಪ್‌ನಲ್ಲಿ, ಸಾರಡ್ಕದ ಮೇಲಾಗಿ ಪುತ್ತೂರಿಗೆ ಹೋಯಿತು.