ತಗಡು ಹಾಕಿಯೂ ತಂಪಾಗಿರೋ ಶಾಲೆ

ಪ್ರಶ್ನೆ: ನಮ್ಮೂರ ಶಾಲೆಗೆ ಎರಡು ಕೋಣೆ ಕಟ್ಟಿಸಬೇಕು. ತಗಡು ಹಾಕಿದರೆ ಖರ್ಚು ಕಡಿಮೆ, ಆದರೆ ಮಾರ್ಚ್ ಬಂತೆಂದರೆ ಒಳಗೆ ಕೂರೋಕಾಗಲ್ಲ. ಏನು ಮಾಡೋಣ?
– ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ತಗಡೇ ಹಾಕಿ ಸ್ವಾಮಿ, ಆದರೆ ಮಕ್ಕಳ ತಲೆ ಮೇಲೆ ನೇರವಾಗಿ ಬೇಡ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಅಂತ ಒಂದು ಹಳ್ಳಿ, ಬಿಸಿಲು ನಿಮ್ಮೂರಿಗಿಂತ ಕಡಿಮೆಯೇನಿಲ್ಲ. ಅಲ್ಲಿಯವರೇ ಆದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರು ಊರವರನ್ನು ಸೇರಿಸಿಕೊಂಡು 2001ರಲ್ಲಿ ಒಂದು ಶಾಲೆ ಕಟ್ಟಿ ಮುಗಿಸಿದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆ ಗೋಡೆ, ಮೇಲೆ ಸಂದು ಬಿಟ್ಟು ಜೋಡಿಸಿದ ಇಟ್ಟಿಗೆಯದೇ ಒಳಚಾವಣಿ, ಅದಕ್ಕಿಂತ ಎತ್ತರದಲ್ಲಿ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ತಗಡು, ಗೋಡೆಯಿಂದಾಚೆಗೂ ಚಾಚಿಕೊಂಡಿದೆ. ಬಿಸಿ ಗಾಳಿ ಸಂದಿನಿಂದ ಮೇಲೇರಿ ಹೊರಗೆ ಹೋಗುತ್ತೆ, ಕಿಟಕಿಯಿಂದ ಹೊಸ ಗಾಳಿ ಬರುತ್ತೆ. ಎಸಿ ಮಾತೇ ಇಲ್ಲ. 2022ರಲ್ಲಿ ಫ್ರಾನ್ಸಿಸ್ ಕೆರೆ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು, ಸುಮ್ನೆ ಅಲ್ಲ!

ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಇಡಬೇಡಿ. ಎತ್ತರದ ತಗಡಿಗೆ ಗಾಳಿಯ ಹೊಡೆತ ಜಾಸ್ತಿ, ಹಾಗಾಗಿ ಚೌಕಟ್ಟಿನ ಲೆಕ್ಕ ಮಾತ್ರ ಎಂಜಿನಿಯರ್ ಹತ್ತಿರವೇ ಮಾಡಿಸಿ.